ಪಯೋ ಬ್ಯಾಕ್ಟೀರಿಯೊಫೇಜ್: ಹಟ ಹಿಡಿದ ಉರಿಮೂತ್ರಕ್ಕೆ ಜಾರ್ಜಿಯಾದ ಸೀಸೆ ಎಷ್ಟು ಆಗಿಬರುತ್ತದೆ?

10 ಮಿ.ಲೀ. ಹಿಡಿಸುವ ಪುಟ್ಟ ಗಾಜಿನ ಸೀಸೆ. ಒಳಗೆ ತಿಳಿ ಹಳದಿ ನೀರಿನಂಥ ದ್ರವ. ತಯಾರಾಗುವುದು ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ, 1923ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಜಾರ್ಜ್ ಎಲಿಯಾವಾ ಕಟ್ಟಿದ ಸಂಸ್ಥೆಯಲ್ಲಿ. ಬ್ಯಾಕ್ಟೀರಿಯಾ ಕೊಲ್ಲುವ ‘ಫೇಜ್’ ಎಂಬ ವೈರಸ್‌ಗಳಿರುವ, ಅಲ್ಲಿ ಔಷಧಿ ಅಂಗಡಿಯಲ್ಲೇ ಸಿಗುವ ಈ ಪಯೋ ಬ್ಯಾಕ್ಟೀರಿಯೊಫೇಜ್ ಈಗ ನಮ್ಮಲ್ಲೂ ಸುದ್ದಿಯಲ್ಲಿದೆ. ಆರು ತಿಂಗಳಲ್ಲಿ ನಾಲ್ಕು ಸಲ ಉರಿಮೂತ್ರ ಬಂದು, ಕಲ್ಚರ್ (ಮೂತ್ರದ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟಿನ ತುಂಬ ‘ರೆಸಿಸ್ಟೆಂಟ್’ (ಔಷಧಿಗೆ ಬಗ್ಗದು) ಎಂದೇ ಬರೆದಿದ್ದರೆ ಮನೆಯವರು ಹುಡುಕಾಡುತ್ತಾ ಇಲ್ಲಿಗೇ ಬಂದು ನಿಲ್ಲುತ್ತಾರೆ. ಅವರಿಗಾಗಿಯೇ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪರೀಕ್ಷೆ ಮಾಡಿಸದೆ ಸೀಸೆ ತರಿಸಿ ಕುಡಿಯುವುದಾದರೆ 5ಕ್ಕೆ 1.5 ಅಂಕ. ನಿಮ್ಮ ಮೂತ್ರದಲ್ಲಿ ಬೆಳೆದ ಬ್ಯಾಕ್ಟೀರಿಯಾದ ಮೇಲೇ ಫೇಜ್ ಪರೀಕ್ಷಿಸಿ, ಹೊಂದುವುದನ್ನು ಆರಿಸಿ, ಬೇಕಾದರೆ ಹೊಸದಾಗಿ ಪಳಗಿಸಿ, ಯೂರಾಲಜಿಸ್ಟ್ ಕಣ್ಣೆದುರಿನಲ್ಲಿ ಮೂತ್ರಕೋಶಕ್ಕೇ ಹಾಕಿಸುವ ಪೂರ್ತಿ ಸೇವೆಗೆ 3.5. ಎರಡರಲ್ಲೂ ದ್ರವ ಬಹುಪಾಲು ಅದೇ. ಎರಡು ಅಂಕದ ವ್ಯತ್ಯಾಸ ಇರುವುದು ಪರೀಕ್ಷೆಯಲ್ಲಿ ಮತ್ತು ಹಾಕುವ ಜಾಗದಲ್ಲಿ.

ಫೇಜ್ ಅಂದರೆ ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುವ ವೈರಸ್. ಮನುಷ್ಯರ ಜೀವಕೋಶಕ್ಕೆ ಅದು ಅಂಟುವುದಿಲ್ಲ. ಉರಿಮೂತ್ರಕ್ಕೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯಾವನ್ನು ಹಿಡಿಯುವ ಟಿ4 ಎಂಬ ಫೇಜ್ ಸುಮಾರು 200 ನ್ಯಾನೋಮೀಟರ್ ಉದ್ದ. ಬ್ಯಾಕ್ಟೀರಿಯಾದ ಮೈಮೇಲಿನ ಗುರುತಿಗೆ ಅದರ ಬಾಲದ ಎಳೆಗಳು ತಗಲಬೇಕು. ತಗಲಿದರೆ ತನ್ನ ಡಿಎನ್‌ಎ ಒಳಗೆ ಚುಚ್ಚಿ, ಸುಮಾರು 25 ನಿಮಿಷದಲ್ಲಿ ಬ್ಯಾಕ್ಟೀರಿಯಾವನ್ನು ಒಡೆದು 100ಕ್ಕೂ ಹೆಚ್ಚು ಮರಿಗಳೊಂದಿಗೆ ಆಚೆ ಬರುತ್ತದೆ. ತಗಲದಿದ್ದರೆ ಏನೂ ಆಗುವುದಿಲ್ಲ. ಬೀಗಕ್ಕೆ ಕೀಲಿ ಇದ್ದಂತೆ. ಪಕ್ಕದ ಮನೆಯ ಕೀಲಿಯನ್ನು ನೂರು ಸಲ ತಿರುಗಿಸಿದರೂ ನಿಮ್ಮ ಬಾಗಿಲು ತೆರೆಯದು. ಇಬ್ಬರಿಗೂ ಇ. ಕೋಲೈ ಸೋಂಕೇ ಇರಬಹುದು, ಒಬ್ಬರಿಗೆ ಕೆಲಸ ಮಾಡಿದ ಸೀಸೆ ಇನ್ನೊಬ್ಬರಿಗೆ ಸುಮ್ಮನೆ ನೀರಿನಂತೆ ಹರಿದುಹೋಗಬಹುದು. ‘ನಮ್ಮ ನೆಂಟರಿಗೆ ವಾಸಿಯಾಯಿತು’ ಎನ್ನುವ ಮಾತನ್ನು ಈ ಔಷಧಿಯ ವಿಷಯದಲ್ಲಿ ನಂಬಿ ಹಣ ಹಾಕಬೇಡಿ.

ಪಯೋ ಸೀಸೆಯಲ್ಲಿ ಇರುವುದು ಫೇಜ್‌ಗಳ ಮಿಶ್ರಣ. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಇ. ಕೋಲೈ, ಸ್ಯೂಡೊಮೊನಾಸ್ ಮತ್ತು ಪ್ರೋಟಿಯಸ್, ಇವಕ್ಕೆ ಗುರಿಯಿಟ್ಟದ್ದು. ಇದೇ ಸಂಸ್ಥೆಯ ಇನ್ನೊಂದು ಮಿಶ್ರಣ ಇಂಟೆಸ್ಟಿ ಮುಖ್ಯವಾಗಿ ಹೊಟ್ಟೆಯ ಸೋಂಕಿಗೆ, ಆದರೆ ಅದರಲ್ಲಿ ಎಂಟೆರೊಕಾಕಸ್ ಫೇಜ್ ಕೂಡ ಇರುವುದರಿಂದ ಕೆಲವು ಸಲ ಮೂತ್ರದ ಸೋಂಕಿಗೂ ಪರೀಕ್ಷೆಗೆ ಹಾಕುತ್ತಾರೆ. ಪಯೋ ಪಟ್ಟಿಯಲ್ಲಿ ಒಂದು ಹೆಸರು ಇಲ್ಲ, ಗಮನಿಸಿ: ಕ್ಲೆಬ್ಸಿಯೆಲ್ಲಾ. ಭಾರತದ ಆಸ್ಪತ್ರೆಗಳಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗದೆ ಸತಾಯಿಸುವವುಗಳಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಮೊದಲ ಸಾಲಿನಲ್ಲಿದೆ. ನಿಮ್ಮ ರಿಪೋರ್ಟಿನಲ್ಲಿ ಆ ಹೆಸರಿದ್ದರೆ ಅಂಗಡಿಯ ಪಯೋ ಸೀಸೆ ನಿಮಗಲ್ಲ. ರಷ್ಯಾದ ಮೈಕ್ರೋಜೆನ್ ಕಂಪನಿಯ ಸೆಕ್ಸ್ಟಾಫೇಜ್‌ನಲ್ಲಿ ಕ್ಲೆಬ್ಸಿಯೆಲ್ಲಾ ಫೇಜ್ ಸೇರಿದೆ. ಅಲ್ಲಿಯೂ ಬೀಗ-ಕೀಲಿಯ ಮಾತು ಬದಲಾಗುವುದಿಲ್ಲ. ಕ್ಲೆಬ್ಸಿಯೆಲ್ಲಾ ಮೈಮೇಲೆ ದಪ್ಪ ಲೋಳೆ ಕವಚವಿದೆ, ಆ ಕವಚದಲ್ಲಿ ಹತ್ತಾರು ಬಗೆ. ಒಂದು ಬಗೆಯನ್ನು ಕೊರೆಯುವ ಫೇಜ್‌ಗೆ ಇನ್ನೊಂದು ಸಾಮಾನ್ಯವಾಗಿ ಬಗ್ಗದು.

ಜಾರ್ಜಿಯಾ ಕಡೆ ಮುಖ ಮಾಡುವ ಮೊದಲು ಕಲ್ಚರ್ ರಿಪೋರ್ಟನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಇಎಸ್‌ಬಿಎಲ್ (ಹಲವು ಆಂಟಿಬಯೋಟಿಕ್‌ಗಳನ್ನು ಒಡೆದುಹಾಕುವ ಕಿಣ್ವ ಈ ಬ್ಯಾಕ್ಟೀರಿಯಾದಲ್ಲಿದೆ) ಎಂದು ಬರೆದಿದ್ದ ಮಾತ್ರಕ್ಕೆ ದಾರಿ ಮುಗಿಯಿತು ಎಂದಲ್ಲ. ಇಎಸ್‌ಬಿಎಲ್ ಇ. ಕೋಲೈಗೆ ಹಳೆಯ ನೈಟ್ರೋಫ್ಯುರಾಂಟೊಯಿನ್ ಮಾತ್ರೆಯೋ, 3 ಗ್ರಾಂ ಫಾಸ್ಫೊಮೈಸಿನ್ ಪುಡಿಯ ಪೊಟ್ಟಣವೋ ಎಷ್ಟೋ ಸಲ ಇನ್ನೂ ನಾಟುತ್ತದೆ. ಸೋಂಕು ಮೂತ್ರಕೋಶದಲ್ಲಷ್ಟೇ ಇದ್ದು ಕಿಡ್ನಿಗೆ ಏರಿಲ್ಲದಿದ್ದರೆ ಅವು ಸಾಕಾಗಬಹುದು. ಕೆಲವು ಲ್ಯಾಬ್‌ಗಳು ಫಾಸ್ಫೊಮೈಸಿನ್ ಬಿಲ್ಲೆ (ಔಷಧಿ ಹೀರಿಸಿದ ಕಾಗದದ ಚೂರು) ಇಟ್ಟು ನೋಡುವುದೇ ಇಲ್ಲ, ಕೇಳಿ ಹಾಕಿಸಬೇಕು. ಇನ್ನು ಉರಿಯಿಲ್ಲ, ಜ್ವರವಿಲ್ಲ, ಬರೀ ಕಾಗದದ ಮೇಲೆ ಬ್ಯಾಕ್ಟೀರಿಯಾ ಇದೆ ಎಂದಾದರೆ, ಬಸುರಿಯರನ್ನೂ ಮೂತ್ರಮಾರ್ಗದ ಶಸ್ತ್ರಚಿಕಿತ್ಸೆಗೆ ಹೊರಟವರನ್ನೂ ಬಿಟ್ಟು, ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ವಯಸ್ಸಾದವರಿಗೆ, ಕ್ಯಾತಿಟರ್ (ಮೂತ್ರಕೋಶಕ್ಕೆ ಇಳಿಸಿದ ಕೊಳವೆ) ಇರುವವರಿಗೆ ಹೀಗೆ ಬ್ಯಾಕ್ಟೀರಿಯಾ ಕಾಣುವುದು ಮಾಮೂಲಿ. ಅದನ್ನು ಓಡಿಸಲು ಹೋಗಿ ಎಷ್ಟೋ ಜನ ಇದ್ದಬದ್ದ ಆಂಟಿಬಯೋಟಿಕ್‌ಗಳನ್ನೆಲ್ಲ ಮುಗಿಸಿಕೊಂಡಿದ್ದಾರೆ.

ಒಂದು ಎಚ್ಚರಿಕೆ: ಚಳಿ ಜ್ವರ, ಪಕ್ಕೆ ನೋವು, ವಾಂತಿ, ಬಿ.ಪಿ. ಇಳಿಕೆ, ಮಂಪರು, ಇವುಗಳಲ್ಲಿ ಯಾವುದೇ ಇದ್ದರೂ ಫೇಜ್ ಮಾತು ಬಿಟ್ಟು ಅವತ್ತೇ ಆಸ್ಪತ್ರೆಗೆ ಸೇರಿ. ರಕ್ತಕ್ಕೆ ಇಳಿದ ಸೋಂಕು ಸೀಸೆ ಬರುವವರೆಗೆ ಕಾಯುವುದಿಲ್ಲ. ಎಲಿಯಾವಾ ಸೀಸೆಯ ದ್ರವವನ್ನು ರಕ್ತನಾಳಕ್ಕೆ ಕೊಡುವಂತೆಯೂ ಇಲ್ಲ. ಅದು ಬ್ಯಾಕ್ಟೀರಿಯಾವನ್ನು ಪೋಷಕ ದ್ರವದಲ್ಲಿ ಬೆಳೆಸಿ, ಫೇಜ್ ಬಿಟ್ಟು ಒಡೆಸಿ, ಸೋಸಿ ತೆಗೆದ ದ್ರವ. ಬಾಯಿಗೆ, ಗಾಯಕ್ಕೆ, ಮೂತ್ರಕೋಶಕ್ಕೆ ಸರಿ; ಐ.ವಿ.ಗೆ ಬೇಕಾದಷ್ಟು ಶುದ್ಧವಲ್ಲ.

ಈಗ ಪರೀಕ್ಷೆಯ ವಿಷಯ. ಸೇವೆಯ ಜೀವಾಳ ಇದೇ, ಮತ್ತು ಹೆಚ್ಚು ಜನ ಎಡವುವುದೂ ಇಲ್ಲೇ. ಆಂಟಿಬಯೋಟಿಕ್ ನಿಲ್ಲಿಸಿ ಕೆಲವು ದಿನ ಕಳೆದ ಮೇಲೆ (ನಿಲ್ಲಿಸಬಹುದೇ ಎಂದು ವೈದ್ಯರು ಹೇಳಬೇಕು) ಬೆಳಗಿನ ಮೊದಲ ಮೂತ್ರದ ನಡುಧಾರೆ ಹಿಡಿಯಬೇಕು. ಅದಕ್ಕೆ ಮುಂಚೆ ಬರೀ ನೀರಿನಲ್ಲಿ ತೊಳೆದುಕೊಳ್ಳಿ, ಡೆಟಾಲ್‌ನಂಥದ್ದು ಬೇಡ. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ. ಲ್ಯಾಬ್‌ನವರಿಗೆ ಮುಂಚೆಯೇ ಒಂದು ಮಾತು ಹೇಳಿಡಿ: ‘ಬೆಳೆದ ಬ್ಯಾಕ್ಟೀರಿಯಾವನ್ನು ಎಸೆಯಬೇಡಿ, ಅಗಾರ್ ಸ್ಲ್ಯಾಂಟ್‌ನಲ್ಲಿ ಇಟ್ಟುಕೊಡಿ.’ ಸ್ಲ್ಯಾಂಟ್ ಅಂದರೆ ಬ್ಯಾಕ್ಟೀರಿಯಾವನ್ನು ಜೀವಂತ ಇಡುವ, ಓರೆಯಾಗಿ ಜೆಲ್ಲಿ ತುಂಬಿದ ಟ್ಯೂಬ್. ರಿಪೋರ್ಟ್ ಹೊರಬಿದ್ದ ಕೆಲವೇ ದಿನಕ್ಕೆ ತಟ್ಟೆಗಳು ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹೋಗುತ್ತವೆ. ಆಮೇಲೆ ಕೇಳಿದರೆ ಕೈಯಲ್ಲಿ ಕಾಗದ ಮಾತ್ರ ಉಳಿಯುತ್ತದೆ, ಕಾಗದದ ಮೇಲೆ ಫೇಜ್ ಪರೀಕ್ಷೆ ಮಾಡಲಾಗದು. ದೇಶದಾಚೆ ಕಳಿಸುವುದಾದರೆ ಸೋರದ ಮೂರು ಪದರದ ಪ್ಯಾಕಿಂಗ್, ಮೇಲೆ ಜೈವಿಕ ಮಾದರಿ ಎಂದು ತಿಳಿಸುವ ಯುಎನ್ 3373 ಗುರುತು ಬೇಕು. ಮಾಮೂಲಿ ಕೊರಿಯರ್ ಕವರಿನಲ್ಲಿ ಹಾಕಿ ಕಳಿಸುವ ವಸ್ತು ಅಲ್ಲ ಅದು.

ಅಲ್ಲಿ ನಡೆಯುವುದು ನೋಡಲು ಸರಳ. ನಿಮ್ಮ ಬ್ಯಾಕ್ಟೀರಿಯಾವನ್ನು ಮೆತ್ತಗಿನ ಅಗಾರ್‌ನಲ್ಲಿ ಬೆರೆಸಿ ತಟ್ಟೆಯ ಮೇಲೆ ಹೊಯ್ಯುತ್ತಾರೆ. ಗಟ್ಟಿಯಾದ ಮೇಲೆ ಸಾಸಿವೆ ಕಾಳಿನಷ್ಟು ಫೇಜ್ ಹನಿಯನ್ನು ಒಂದೊಂದು ಕಡೆ ಇಡುತ್ತಾರೆ. 37 ಡಿಗ್ರಿ ಶಾಖದಲ್ಲಿ ರಾತ್ರಿ ಕಳೆದರೆ ತಟ್ಟೆಯೆಲ್ಲ ಮಂಜು ಹಿಡಿದ ಗಾಜಿನಂತೆ ಮಸುಕಾಗಿರುತ್ತದೆ. ಫೇಜ್ ನಾಟಿದ ಕಡೆ ಮಾತ್ರ ಬೆರಳಿನಿಂದ ಒರೆಸಿದ ಹಾಗೆ ದುಂಡನೆಯ ತಿಳಿಗಣ್ಣು. ಆ ಕಣ್ಣನ್ನು ಓದುವುದರಲ್ಲಿ ಅನುಭವ ಬೇಕು. ಪೂರ್ತಿ ತಿಳಿಯಾಗಿದ್ದರೆ ಒಳ್ಳೆಯದು. ಮಸುಕಾಗಿದ್ದರೆ ಅರೆಮನಸ್ಸಿನ ಫೇಜ್. ತಿಳಿಗಣ್ಣಿನ ನಡುವೆ ಸೂಜಿಮೊನೆಯಂಥ ಬಿಳಿ ಚುಕ್ಕೆಗಳಿದ್ದರೆ ಅವು ಆಗಲೇ ತಪ್ಪಿಸಿಕೊಂಡ ಬ್ಯಾಕ್ಟೀರಿಯಾಗಳು, ಚಿಕಿತ್ಸೆ ಶುರುವಾದ ಒಂದೆರಡು ದಿನಕ್ಕೆ ಮೂತ್ರಕೋಶದಲ್ಲೂ ಅವೇ ತುಂಬಿಕೊಳ್ಳುವ ಭಯ ಇದೆ. ಇನ್ನೊಂದು ಮೋಸವೂ ಉಂಟು. ಹನಿಯಲ್ಲಿ ಫೇಜ್ ತುಂಬಾ ದಟ್ಟವಾಗಿದ್ದರೆ ಅದು ಒಳಗೆ ಮರಿ ಮಾಡದಿದ್ದರೂ, ಒಂದೇ ಬ್ಯಾಕ್ಟೀರಿಯಾದ ಗೋಡೆಗೆ ನೂರಾರು ಒಟ್ಟಿಗೆ ಮುತ್ತಿ ತೂತು ಮಾಡುವುದರಿಂದ ತಟ್ಟೆ ತಿಳಿಯಾಗಿಬಿಡುತ್ತದೆ. ಅದಕ್ಕೇ ಹತ್ತರಲ್ಲೊಂದು, ನೂರರಲ್ಲೊಂದು, ಸಾವಿರದಲ್ಲೊಂದು ಎಂದು ತೆಳುಮಾಡುತ್ತಾ ಹೋಗಿ, ಬಿಡಿಬಿಡಿ ಚುಕ್ಕೆಗಳು ಕಾಣುವವರೆಗೆ ನೋಡಬೇಕು. ರಿಪೋರ್ಟಿನಲ್ಲಿ ಬರೀ ‘ಸೆನ್ಸಿಟಿವ್’ ಎಂದಿದ್ದರೆ, ತೆಳುಮಾಡಿ ನೋಡಿದ್ದೀರಾ, ತಿಳಿಗಣ್ಣು ಎಷ್ಟು ತಿಳಿಯಾಗಿತ್ತು ಎನ್ನಲು ಹಾಕುವ ಪ್ಲಸ್ ಗುರುತು ಎಷ್ಟು ಎಂದು ಕೇಳುವ ಹಕ್ಕು ನಿಮಗಿದೆ.

ಸಿದ್ಧ ಸೀಸೆ ನಾಟದಿದ್ದರೆ ಪಳಗಿಸುವುದು ಮುಂದಿನ ಹೆಜ್ಜೆ. ಫೇಜ್ ಮಿಶ್ರಣವನ್ನೂ ರೋಗಿಗಳ ಬ್ಯಾಕ್ಟೀರಿಯಾವನ್ನೂ ಸಾಲು ಟ್ಯೂಬ್‌ಗಳಲ್ಲಿ ಒಟ್ಟಿಗೆ ಬೆಳೆಸಿ, ಗೆದ್ದ ಟ್ಯೂಬಿನ ಫೇಜ್ ತೆಗೆದು ಮತ್ತೆ ಅದೇ ಆಟ ಆಡಿಸುತ್ತಾರೆ. ಸುತ್ತು ಸುತ್ತಿಗೂ ಹೊಂದಾಣಿಕೆ ಹೆಚ್ಚುತ್ತದೆ. ಇದು ಎಷ್ಟು ಫರಕ್ ಮಾಡುತ್ತದೆ ಎನ್ನಲು 2018ರಲ್ಲಿ ಪ್ರಕಟವಾದ ತ್ಬಿಲಿಸಿ ಯೂರಾಲಜಿ ಕೇಂದ್ರದ ಲೆಕ್ಕವೇ ಸಾಕು: ಮೂತ್ರದಿಂದ ಬೆಳೆದ 118 ಮಾದರಿಗಳಲ್ಲಿ ಸಿದ್ಧ ಪಯೋಗೆ ಬಗ್ಗಿದವು 48, ಅಂದರೆ ಶೇ 41. ಪಳಗಿಸಿದ ಮೇಲೆ 88, ಶೇ 75. ಜಾರ್ಜಿಯಾದ ಬ್ಯಾಕ್ಟೀರಿಯಾಕ್ಕೆ ಜಾರ್ಜಿಯಾದ ಸಿದ್ಧ ಫೇಜ್ ಹಾಕಿಯೂ ಅರ್ಧಕ್ಕರ್ಧ ತಲುಪಲಿಲ್ಲ! ಮೈಸೂರಿನ ಅಥವಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಂಟಿದ ಬ್ಯಾಕ್ಟೀರಿಯಾಕ್ಕೆ ಪರೀಕ್ಷೆಯಿಲ್ಲದೆ ಅದೇ ಸೀಸೆ ತರಿಸಿದರೆ ಏನು ನಿರೀಕ್ಷಿಸಬಹುದು ಎಂದು ನೀವೇ ಯೋಚಿಸಿ.

ತಟ್ಟೆಯ ಮೇಲೆ ಗೆದ್ದರೆ ಮೈಯಲ್ಲೂ ಗೆದ್ದಂತೆಯೇ? ಇಲ್ಲ. ಇದನ್ನು ಮುಚ್ಚಿಡುವ ಜಾಹೀರಾತುಗಳನ್ನು ನಂಬಬೇಡಿ. ಪಯೋ ಬಗ್ಗೆ ಆದ ಅತಿ ಕಟ್ಟುನಿಟ್ಟಿನ ಪರೀಕ್ಷೆ 2017 ಮತ್ತು 2018ರಲ್ಲಿ ತ್ಬಿಲಿಸಿಯಲ್ಲೇ ನಡೆಯಿತು. ಫಲಿತಾಂಶ 2021ರಲ್ಲಿ ಹೊರಬಂತು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಬಂದ, ಮೂತ್ರದ ಸೋಂಕಿದ್ದ 113 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹೊಟ್ಟೆಯ ಮೂಲಕ ಮೂತ್ರಕೋಶಕ್ಕೆ ಇಳಿಸಿದ ಕ್ಯಾತಿಟರ್‌ನಲ್ಲಿ 20 ಮಿ.ಲೀ. ಪಯೋ, ದಿನಕ್ಕೆ ಎರಡು ಸಲ, 7 ದಿನ. ಇನ್ನೊಂದಕ್ಕೆ ಅದೇ ಥರ 20 ಮಿ.ಲೀ. ಫೇಜ್ ಇಲ್ಲದ ದ್ರವ. ಮೂರನೆಯದಕ್ಕೆ ರಿಪೋರ್ಟ್ ನೋಡಿ ಆಂಟಿಬಯೋಟಿಕ್. ಕೊನೆಗೆ ಲೆಕ್ಕಕ್ಕೆ ಬಂದ 97 ಜನರಲ್ಲಿ ಕಲ್ಚರ್ ಸರಿಹೋದದ್ದು ಪಯೋ ಗುಂಪಿನಲ್ಲಿ 28ರಲ್ಲಿ 5, ಬರೀ ದ್ರವದ ಗುಂಪಿನಲ್ಲಿ 32ರಲ್ಲಿ 9, ಆಂಟಿಬಯೋಟಿಕ್ ಗುಂಪಿನಲ್ಲಿ 37ರಲ್ಲಿ 13. ಪಯೋ ಗೆಲ್ಲಲಿಲ್ಲ. ಬರೀ ದ್ರವಕ್ಕಿಂತ ಮೇಲು ಎಂದೂ ತೋರಿಸಲಾಗಲಿಲ್ಲ. ಒಳ್ಳೆಯ ಸುದ್ದಿ ಒಂದೇ: ತೊಂದರೆ ಕಂಡವರು ಪಯೋ ಗುಂಪಿನಲ್ಲಿ ಶೇ 21, ಬರೀ ದ್ರವದ ಗುಂಪಿನಲ್ಲಿ ಶೇ 41, ಆಂಟಿಬಯೋಟಿಕ್ ಗುಂಪಿನಲ್ಲಿ ಶೇ 30. ಅಂದರೆ ಹಾಕುವುದರಿಂದ ಅಪಾಯ ಹೆಚ್ಚಿಲ್ಲ.

ಈ ಅಂಕಿಗಳಿಂದ ಕಲಿಯುವುದು ಬಹಳ ಇದೆ. ಮೂತ್ರಕೋಶವನ್ನು ದಿನಕ್ಕೆರಡು ಸಲ ದ್ರವ ಹಾಕಿ ಖಾಲಿ ಮಾಡುವುದೇ ಒಂದು ಚಿಕಿತ್ಸೆಯಿರಬಹುದು. ಬರೀ ದ್ರವಕ್ಕೆ ಶೇ 28 ಬಂದದ್ದು ಅದನ್ನೇ ಸೂಚಿಸುತ್ತದೆ. ಇನ್ನು ತೆಳುವಾಗುವ ಸಮಸ್ಯೆ. ಕಿಡ್ನಿಯಿಂದ ನಿಮಿಷಕ್ಕೆ ಸುಮಾರು 1 ಮಿ.ಲೀ. ಮೂತ್ರ ಇಳಿಯುತ್ತಲೇ ಇರುತ್ತದೆ. 20 ಮಿ.ಲೀ. ಫೇಜ್ ಹಾಕಿ ಅರ್ಧ ಗಂಟೆ ಹಿಡಿದುಕೊಂಡರೆ ಅಷ್ಟರಲ್ಲಿ 30 ಮಿ.ಲೀ. ಮೂತ್ರ ಸೇರಿ ಫೇಜ್ ಸಾಂದ್ರತೆ ಅರ್ಧಕ್ಕಿಂತ ಕೆಳಗೆ. ಪ್ರಾಸ್ಟೇಟ್ ಊದಿ ಮೂತ್ರ ಪೂರ್ತಿ ಖಾಲಿಯಾಗದವರಲ್ಲಿ 100 ಮಿ.ಲೀ. ಮೊದಲೇ ಉಳಿದಿದ್ದರೆ ಹಾಕಿದ ಕ್ಷಣಕ್ಕೇ ಆರರಲ್ಲೊಂದು ಪಾಲು. ಅಮೆರಿಕದ ಲೋಕಸ್ ಬಯೋಸೈನ್ಸಸ್ ಕಂಪನಿ ತನ್ನ ಎಲ್‌ಬಿಪಿ-ಇಸಿ01 ಎಂಬ ಇ. ಕೋಲೈ ಫೇಜ್‌ಗೆ ಆರಿಸಿಕೊಂಡ ಪ್ರಮಾಣ ನೋಡಿ: ಮೂತ್ರಕೋಶಕ್ಕೆ ಒಂದು ಸಲಕ್ಕೆ 2 ಲಕ್ಷ ಕೋಟಿ ಫೇಜ್ ಕಣ, ಎರಡು ದಿನ, ಜೊತೆಗೆ ರಕ್ತನಾಳಕ್ಕೆ 1,000 ಕೋಟಿ, ಮೂರು ದಿನ, ಅದರೊಂದಿಗೆ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಮಾತ್ರೆ ದಿನಕ್ಕೆ ಎರಡು. ಮಿ.ಲೀ.ಗೆ 1 ಕೋಟಿ ಕಣವಿರುವ ಸೀಸೆಯ 20 ಮಿ.ಲೀ.ನಲ್ಲಿ ಸಿಗುವುದು 20 ಕೋಟಿ. ಅಂದರೆ ಹತ್ತು ಸಾವಿರ ಪಟ್ಟು ಅಂತರ. 39 ಜನರ ಮೇಲೆ ನಡೆದ ಆ ಪ್ರಯೋಗದ ಮೊದಲ ಭಾಗದಲ್ಲಿ ಹೋಲಿಕೆಗೆ ಫೇಜ್ ಪಡೆಯದ ಗುಂಪು ಇರಲಿಲ್ಲ, ಹಾಗಾಗಿ ಅದು ಮೇಲು ಎಂದು ಈಗಲೇ ಕುಣಿಯುವುದು ಬೇಡ. ಪ್ರಮಾಣದ ಪ್ರಶ್ನೆಯಂತೂ ತೀರಾ ಗಂಭೀರವಾದದ್ದು.

ಬಾಯಿಂದ ಕುಡಿಯುವ ಕ್ರಮಕ್ಕೆ ನಮ್ಮ ಅಂಕ ಕಡಿಮೆ ಇರುವುದೂ ಇದೇ ಕಾರಣಕ್ಕೆ. ಹೊಟ್ಟೆಯ ಆಮ್ಲ ಫೇಜ್‌ಗಳನ್ನು ಹಾಳುಮಾಡುತ್ತದೆ. ಅದಕ್ಕೆಂದೇ ಊಟಕ್ಕೆ ಮುಂಚೆ, ಖಾಲಿ ಹೊಟ್ಟೆಯಲ್ಲಿ, ಅಡುಗೆ ಸೋಡಾ ಕದಡಿದ ನೀರು ಅಥವಾ ಕ್ಷಾರದ ಖನಿಜ ನೀರು ಕುಡಿದು ಆಮೇಲೆ ಫೇಜ್ ಕುಡಿಯಲು ಹೇಳುವುದು. ಬಿ.ಪಿ., ಹೃದಯ, ಕಿಡ್ನಿ ತೊಂದರೆ ಇರುವವರು ಸೋಡಾ ಬಗ್ಗೆ ವೈದ್ಯರನ್ನು ಕೇಳಲೇಬೇಕು, ಅದರಲ್ಲಿ ಸೋಡಿಯಂ ಬಹಳ. ಹೊಟ್ಟೆ ದಾಟಿದ ಫೇಜ್ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂತ್ರಕ್ಕೆ ಬರಬೇಕು. ಆ ದಾರಿಯಲ್ಲಿ ಎಷ್ಟು ಉಳಿಯುತ್ತದೆ ಎನ್ನುವುದು ಫೇಜ್‌ನಿಂದ ಫೇಜ್‌ಗೆ, ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತದೆ. ಕರುಳಿನಲ್ಲಿ ಮನೆಮಾಡಿರುವ ಅದೇ ಇ. ಕೋಲೈ ಮತ್ತೆ ಮತ್ತೆ ಮೂತ್ರಮಾರ್ಗಕ್ಕೆ ಇಳಿಯುವುದನ್ನು ತಗ್ಗಿಸಲು ಬಾಯಿಯ ಫೇಜ್‌ಗೆ ಒಂದು ಅರ್ಥ ಇದೆ. ಈಗಿನ ಉರಿಗೆ ಅದೊಂದನ್ನೇ ನಂಬುವುದು ತಪ್ಪು.

ಮೂತ್ರಕೋಶಕ್ಕೆ ಹಾಕಿಸುವುದಾದರೆ ನರ್ಸ್‌ಗೂ ಮನೆಯವರಿಗೂ ಗೊತ್ತಿರಬೇಕಾದ ಕ್ರಮ ಹೀಗೆ. ಹಳೆಯ ಕ್ಯಾತಿಟರ್ ಇದ್ದರೆ ಶುರು ಮಾಡುವ ಮೊದಲು ಬದಲಿಸಬೇಕು. ಅದರ ಒಳಗೋಡೆಯ ಲೋಳೆಯಲ್ಲಿ ಕುಳಿತ ಬ್ಯಾಕ್ಟೀರಿಯಾಕ್ಕೆ ಫೇಜ್ ಮುಟ್ಟುವುದು ಕಷ್ಟ, ಹಾಕಿದ್ದೆಲ್ಲ ಅಲ್ಲೇ ಖರ್ಚಾಗುತ್ತದೆ. ಸೀಸೆಯನ್ನು ಫ್ರಿಜ್‌ನಿಂದ ತೆಗೆದು ಕೋಣೆಯ ಶಾಖಕ್ಕೆ ಬರಲು ಬಿಡಿ. ತಣ್ಣಗೇ ಹಾಕಿದರೆ ಮೂತ್ರಕೋಶ ಹಿಂಡಿ ಬೇಗನೆ ಆಚೆ ತಳ್ಳಬಹುದು. ಹಾಗೆಂದು ಬಿಸಿನೀರಿನಲ್ಲಿ ಇಡಬೇಡಿ, ಶಾಖಕ್ಕೆ ಫೇಜ್ ಸಾಯುತ್ತದೆ. ಬೆಳಕಿಗೆ ಹಿಡಿದು ನೋಡಿ: ಕದಡಿದ್ದರೆ, ಚೂರುಗಳು ತೇಲುತ್ತಿದ್ದರೆ ಆ ಸೀಸೆ ಬೇಡ. ಮೂತ್ರಕೋಶ ಪೂರ್ತಿ ಖಾಲಿ ಮಾಡಿಸಿ. ಕ್ಲೋರ್‌ಹೆಕ್ಸಿಡಿನ್, ಪೊವಿಡೋನ್ ಅಯೋಡಿನ್‌ನಂಥ ಯಾವುದೇ ಔಷಧಿಯಿಂದ ಒಳಗೆ ತೊಳೆದಿದ್ದರೆ ಸ್ಟೆರೈಲ್ ಸಲೈನ್‌ನಿಂದ ಮತ್ತೊಮ್ಮೆ ಚೆನ್ನಾಗಿ ತೊಳೆಯಬೇಕು, ಅವು ಬ್ಯಾಕ್ಟೀರಿಯಾ ಜೊತೆ ಫೇಜ್ ಅನ್ನೂ ಕೊಲ್ಲುತ್ತವೆ. ಆಮೇಲೆ ಎರಡು ಸೀಸೆ, 20 ಮಿ.ಲೀ., ಸ್ಟೆರೈಲ್ ಸಿರಿಂಜ್‌ನಿಂದ ನಿಧಾನವಾಗಿ ಹಾಕಿ, ಅರ್ಧದಿಂದ ಒಂದು ಗಂಟೆ ಕ್ಲ್ಯಾಂಪ್ ಮಾಡಿ, ತಡೆಯಲಾಗದಷ್ಟು ಒತ್ತಡ ಬಂದರೆ ಮೊದಲೇ ಬಿಡಿ. ಬೇಗ ವಾಸಿಯಾಗಲಿ ಎಂದು ಲೋಟಗಟ್ಟಲೆ ಬಾರ್ಲಿ ನೀರು, ಎಳನೀರು ಕುಡಿಯುವ ಅಭ್ಯಾಸ ನಮ್ಮಲ್ಲಿದೆ. ಬೇರೆ ಹೊತ್ತಿನಲ್ಲಿ ಕುಡಿಯಲಿ, ಫೇಜ್ ಹಾಕುವ ಒಂದು ಗಂಟೆ ಮುಂಚಿನಿಂದ ಕ್ಲ್ಯಾಂಪ್ ಬಿಡುವವರೆಗೆ ಬೇಡ. 7 ದಿನಕ್ಕೆ 14 ಸಲ, ಒಟ್ಟು 280 ಮಿ.ಲೀ., 28 ಸೀಸೆ. ಒಡೆಯುವ, ಚೆಲ್ಲುವ ಲೆಕ್ಕಕ್ಕೆ ಎರಡು ಹೆಚ್ಚು ಇಟ್ಟುಕೊಳ್ಳಿ.

ಎರಡನೇ ಅಥವಾ ಮೂರನೇ ಸಲಕ್ಕೆ ಸ್ವಲ್ಪ ಚಳಿ, ಮೈಬಿಸಿ ಬರಬಹುದು. ಬ್ಯಾಕ್ಟೀರಿಯಾ ಒಡೆದಾಗ ಅವುಗಳ ಗೋಡೆಯ ವಿಷ ಹೊರಬೀಳುತ್ತದೆ. ‘ಔಷಧಿ ಕೆಲಸ ಮಾಡುತ್ತಿದೆ’ ಎಂದು ಸುಮ್ಮನಿರಬೇಡಿ. ಸೋಂಕು ಮೇಲಕ್ಕೆ ಏರಿದರೂ ಇದೇ ಲಕ್ಷಣ. ಎರಡನ್ನೂ ಮನೆಯಲ್ಲಿ ಕೂತು ಬೇರೆ ಮಾಡಲಾಗದು.

ಆಂಟಿಬಯೋಟಿಕ್ ಬೇಡವೇ ಬೇಡ ಎಂದು ಫೇಜ್ ಹಿಡಿಯುವವರಿಗೆ ಒಂದು ಮಾತು. ಬೆಲ್ಜಿಯಂನವರು ಕೈಗೆತ್ತಿಕೊಂಡ ಬೇರೆ ಬೇರೆ ಸೋಂಕಿನ 100 ರೋಗಿಗಳ ಲೆಕ್ಕ 2024ರಲ್ಲಿ ಬಂತು. ಶೇ 77.2 ಜನರಲ್ಲಿ ಸುಧಾರಣೆ, ಶೇ 61.3ರಲ್ಲಿ ಬ್ಯಾಕ್ಟೀರಿಯಾ ಪೂರ್ತಿ ಹೋಯಿತು. ಜೊತೆಯಲ್ಲಿ ಆಂಟಿಬಯೋಟಿಕ್ ಕೊಡದಿದ್ದಾಗ ಪೂರ್ತಿ ಹೋಗುವ ಸಾಧ್ಯತೆ ಶೇ 70ರಷ್ಟು ಕಡಿಮೆಯಿತ್ತು. ಫೇಜ್‌ನಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಗುರುತನ್ನೇ ಕಳಚಿಹಾಕುತ್ತದೆ. ಹಾಗೆ ಕಳಚಿದಾಗ ಕೆಲವು ಸಲ ಹಳೆಯ ಔಷಧಿಗೇ ಮತ್ತೆ ಬಗ್ಗುತ್ತದೆ. ಶಾಂಘೈನಲ್ಲಿ 63 ವರ್ಷದ ಹೆಂಗಸಿಗೆ ಕ್ಲೆಬ್ಸಿಯೆಲ್ಲಾ ಹೀಗೆಯೇ ಕಾಡಿತ್ತು. ಎರಡು ಬಗೆಯ ಫೇಜ್ ಮಿಶ್ರಣ ಹಾಕಿಯೂ ಕೆಲವೇ ದಿನಕ್ಕೆ ಬಗ್ಗದ ಬ್ಯಾಕ್ಟೀರಿಯಾ ಎದ್ದು ನಿಂತಿತು. ಮೂರನೇ ಸಲ ಫೇಜ್ ಜೊತೆ ಕೋಟ್ರೈಮಾಕ್ಸಜೋಲ್ ಸೇರಿಸಿದಾಗ ವಾಸಿಯಾಯಿತು. ರಿಪೋರ್ಟಿನಲ್ಲಿ ‘ರೆಸಿಸ್ಟೆಂಟ್’ ಎಂದೇ ಇದ್ದ ಔಷಧಿ ಅದು! ಒಂಟಿಯಾಗಿ ಕೈಲಾಗದ ಎರಡು ಸೇರಿ ಗೆದ್ದ ಈ ಕೇಸು 2020ರಲ್ಲಿ ಪ್ರಕಟವಾಗಿದೆ. ಆದರೆ ಎಲ್ಲ ಜೋಡಿಯೂ ಒಳ್ಳೆಯದಲ್ಲ. ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಯನ್ನು ನಿಲ್ಲಿಸುವ ಔಷಧಿಗಳು ಫೇಜ್ ಮರಿ ಮಾಡುವುದನ್ನೂ ನಿಲ್ಲಿಸಬಹುದು, ಏಕೆಂದರೆ ಫೇಜ್ ಬಳಸುವುದು ಅದೇ ಕಾರ್ಖಾನೆಯನ್ನು. ಜೋಡಿಯನ್ನೂ ಲ್ಯಾಬ್‌ನಲ್ಲಿ ನೋಡಿಸುವುದು ಉತ್ತಮ.

ಫೇಜ್ ಕೈಲಾಗದ ಜಾಗಗಳೂ ಇವೆ. ಪ್ರೋಟಿಯಸ್ ಕಟ್ಟಿದ ಕಲ್ಲಿನ ಒಳಗಿರುವುದು ಕಲ್ಲು ತೆಗೆಯುವವರೆಗೆ ಹೋಗದು. ಮೂತ್ರಕೋಶದ ಗೋಡೆಯ ಜೀವಕೋಶದೊಳಗೆ ಹೊಕ್ಕು ಮಲಗಿದ ಇ. ಕೋಲೈಗೆ ಹೊರಗಿನ ಫೇಜ್ ಮುಟ್ಟದು. ಹದಿನೈದು ದಿನ ಚೆನ್ನಾಗಿದ್ದು ಮತ್ತೆ ಅದೇ ಬರುವುದಕ್ಕೆ ಇದೊಂದು ಕಾರಣ. ಎರಡು ಬ್ಯಾಕ್ಟೀರಿಯಾ ಕೂಡಿ ಬಂದಿದ್ದರೆ ಒಂದನ್ನು ತೆಗೆದ ಜಾಗಕ್ಕೆ ಇನ್ನೊಂದು ಹಬ್ಬುತ್ತದೆ.

ತರಿಸುವ ದಾರಿಗೆ ಬರೋಣ. ಭಾರತದಲ್ಲಿ ಅಂಗಡಿಯಲ್ಲಿ ಕೊಳ್ಳುವಂತೆ ಮಂಜೂರಾದ ಮೂತ್ರದ ಸೋಂಕಿನ ಫೇಜ್ ಔಷಧಿ ಇಲ್ಲ. ಸ್ವಂತ ಬಳಕೆಗೆ ಸಣ್ಣ ಪ್ರಮಾಣದಲ್ಲಿ ತರಿಸಲು ವೈದ್ಯರ ಚೀಟಿಯೊಂದಿಗೆ ಔಷಧ ನಿಯಂತ್ರಕರಿಗೆ ಫಾರಂ 12ಎ ಅರ್ಜಿ ಹಾಕಿ, ಫಾರಂ 12ಬಿ ಪರವಾನಗಿ ಪಡೆಯಬೇಕು. ದೆಹಲಿಯ ವೈಟಲಿಸ್ ಫೇಜ್ ಥೆರಪಿ ಸಂಸ್ಥೆ ಎಲಿಯಾವಾ ಜೊತೆಗೂಡಿ ರೋಗಿಗಳಿಗೆ ಈ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿದೆ. ಬೆಂಗಳೂರಿನಲ್ಲಿ 2000ದಲ್ಲೇ ಶುರುವಾದ ಗಂಗಾಜೆನ್ ಕಂಪನಿ ಇದೆ, ಆದರೆ ಅದರ ಹೆಸರಾದ ಔಷಧಿ ಪಿ128 ಸ್ಟ್ಯಾಫಿಲೊಕಾಕಸ್ ಕೊಲ್ಲಲೆಂದು ಫೇಜ್‌ನಿಂದ ತೆಗೆದ ಪ್ರೋಟೀನ್, ಇ. ಕೋಲೈ ಉರಿಮೂತ್ರದವರು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. 1896ರಲ್ಲೇ ಗಂಗೆ, ಯಮುನೆಯ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಾಯುವುದನ್ನು ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಬರೆದಿಟ್ಟ ನಾಡು ಇದು. ನಮ್ಮ ಬ್ಯಾಕ್ಟೀರಿಯಾಕ್ಕೆ ನಮ್ಮ ಚರಂಡಿ ನೀರಿನಲ್ಲೇ ಫೇಜ್ ಹುಡುಕಿ, ರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಾದರೂ ಪರೀಕ್ಷೆಯ ವ್ಯವಸ್ಥೆ ಬರಬೇಕು ಎಂಬ ಆಸೆ ನಮ್ಮದು. ಆಗ ತ್ಬಿಲಿಸಿಗೆ ಸ್ಲ್ಯಾಂಟ್ ಕಳಿಸುವ ಪಾಡೇ ಇರುವುದಿಲ್ಲ.

ಸೀಸೆಗಳು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ ಬಾಗಿಲಿನಲ್ಲಿ ಬೇಡ, ಪದೇ ಪದೇ ತೆರೆದು ಶಾಖ ಏರಿಳಿಯುತ್ತದೆ. ಐಸ್ ಪೆಟ್ಟಿಗೆಯ ಕೆಳಗೂ ಬೇಡ, ಹೆಪ್ಪುಗಟ್ಟಿ ಕರಗಿದರೆ ಫೇಜ್ ಬಾಲ ಮುರಿದುಕೊಳ್ಳುತ್ತದೆ. ನಡುವಿನ ಅರೆಯಲ್ಲಿ, ಒಂದು ಡಬ್ಬಿಯೊಳಗೆ, ಬೆಳಕು ಬೀಳದಂತೆ. ಪ್ರಯಾಣದಲ್ಲಿ ಜೆಲ್ ಪ್ಯಾಕ್ ಸೀಸೆಗೆ ನೇರ ತಾಗದಂತೆ ನಡುವೆ ಟವೆಲ್ ಸುತ್ತಿ. ತೆರೆದ ಸೀಸೆಯಲ್ಲಿ ಉಳಿದದ್ದನ್ನು ಸಂಜೆಗೆ ಎಂದು ಎತ್ತಿಡುವುದು ಬೇಡ.

ಚಿಕಿತ್ಸೆ ಮುಗಿದ ಮಾರನೇ ದಿನವೇ ಕಲ್ಚರ್‌ಗೆ ಓಡುವುದು ಎಲ್ಲರೂ ಮಾಡುವ ತಪ್ಪು. ಮೂತ್ರದಲ್ಲಿ ಇನ್ನೂ ಫೇಜ್ ಇರುತ್ತದೆ, ಅದು ಲ್ಯಾಬಿನ ತಟ್ಟೆಯ ಮೇಲೂ ಬ್ಯಾಕ್ಟೀರಿಯಾವನ್ನು ತಿನ್ನುತ್ತಲೇ ಇರುತ್ತದೆ. ಹಾಗಾಗಿ ‘ಬೆಳವಣಿಗೆ ಇಲ್ಲ’ ಎಂಬ ಸುಳ್ಳು ಸಂತೋಷದ ರಿಪೋರ್ಟ್ ಸಿಗುತ್ತದೆ. ಒಂದು ವಾರ ಬಿಟ್ಟು ಒಂದು, ನಾಲ್ಕರಿಂದ ಆರು ವಾರಕ್ಕೆ ಇನ್ನೊಂದು ಮಾಡಿಸಿ. ಎರಡನೆಯದರಲ್ಲಿ ಮತ್ತೆ ಬೆಳೆದರೆ ಆ ಸ್ಲ್ಯಾಂಟನ್ನೂ ಉಳಿಸಿಕೊಂಡು, ಮೊದಲಿನ ಸ್ಲ್ಯಾಂಟ್ ಜೊತೆ ಒಂದೇ ದಿನ, ಅದೇ ಫೇಜ್‌ನ ಹನಿಯಿಟ್ಟು ನೋಡಿಸಿ. ಹಳೆಯದರಲ್ಲಿ ತಿಳಿಗಣ್ಣು ಬಿದ್ದು ಹೊಸದರಲ್ಲಿ ಬೀಳದಿದ್ದರೆ ಫೇಜ್ ಬದಲಿಸಬೇಕು. ಎರಡರಲ್ಲೂ ಬಿದ್ದರೆ ಫೇಜ್ ಸರಿಯಿದೆ, ಅದು ತಲುಪದ ಜಾಗ ಒಳಗೆ ಎಲ್ಲೋ ಇದೆ. ಆಗ ಮಾಡಿಸಬೇಕಾದದ್ದು ಮೂತ್ರ ಹೊಯ್ದ ಮೇಲೆ ಎಷ್ಟು ಉಳಿಯುತ್ತದೆ, ಕಲ್ಲು ಇದೆಯೇ ಎಂದು ನೋಡುವ ಸ್ಕ್ಯಾನ್.